ಮುಂಹಾಯಿಗೆ ಫರ್ಲರ್ ಆರಿಸುವುದು: ಡ್ರಮ್ಮು ಕೆಳಗೆ, ತೊಂದರೆ ಮೇಲೆ

ಹಾಯಿದೋಣಿಯ ಮುಂಹಾಯಿಯನ್ನು ಕೆಳಗಿಳಿಸದೆ, ನಿಂತಲ್ಲೇ ಚಾಪೆಯಂತೆ ಸುತ್ತಿಡುವ ಸಾಧನಕ್ಕೆ ಫರ್ಲರ್ ಎನ್ನುತ್ತಾರೆ. ಮಾಸ್ಟಿನ, ಅಂದರೆ ಹಾಯಿಕಂಬದ, ತುದಿಯಿಂದ ದೋಣಿಯ ಮೂತಿಗೆ ಬಿಗಿದ ಉಕ್ಕಿನ ತಂತಿ ಫೋರ್‌ಸ್ಟೇ. ಅದರ ಮೇಲೆ ಅಲ್ಯೂಮಿನಿಯಂ ಕೊಳವೆಯೊಂದನ್ನು ತೊಡಿಸಿರುತ್ತಾರೆ, ಇದು ಫಾಯಿಲ್. ಹಾಯಿಯ ಮುಂದಿನಂಚು ಫಾಯಿಲ್ಲಿನ ಸೀಳಿನೊಳಗೆ ಕೂತಿರುತ್ತದೆ. ಬುಡದಲ್ಲಿ ಹಗ್ಗ ಸುತ್ತಿಕೊಳ್ಳುವ ಡ್ರಮ್ಮು, ಮೇಲೆ ಹಾಯಿಯ ತಲೆಯನ್ನು ಹಿಡಿದು ಅದರೊಂದಿಗೆ ತಿರುಗುವ ಸ್ವಿವೆಲ್. ಕಾಕ್‌ಪಿಟ್ಟಿನಲ್ಲಿ, ಅಂದರೆ ದೋಣಿ ನಡೆಸುವವರು ಕೂರುವ ಜಾಗದಲ್ಲಿ, ಕೂತು ಹಗ್ಗ ಎಳೆದರೆ ಡ್ರಮ್ಮು, ಫಾಯಿಲ್, ಸ್ವಿವೆಲ್ಲಿನ ಕೆಳಭಾಗ ಒಟ್ಟಿಗೆ ತಿರುಗಿ ಹಾಯಿ ಸುರುಳಿಯಾಗುತ್ತದೆ.

ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಹೊಳೆಯುವ ಡ್ರಮ್ಮಿನ ಮೇಲೆ. ಆದರೆ ಫರ್ಲರ್ ಸಲೀಸಾಗಿ ನಡೆಯುತ್ತದೋ ಕೈಕೊಡುತ್ತದೋ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮಾಸ್ಟಿನ ತುದಿಯಲ್ಲಿ, ಹಾಯಿ ಏರಿಸುವ ಹಗ್ಗವಾದ ಹಾಲ್ಯಾರ್ಡಿಗೂ ಫೋರ್‌ಸ್ಟೇಗೂ ನಡುವೆ ಇರುವ ಗೇಣುದ್ದದ ಜಾಗ. ಆದ್ದರಿಂದ ಬ್ರ್ಯಾಂಡಿನ ವಿಚಾರ ಆಮೇಲೆ. ಮೊದಲು ದೋಣಿಯ ಅಳತೆ ತೆಗೆಯಿರಿ.

ಅಳತೆ

ಬೇಕಾದ ಅಳತೆಗಳು ಐದು:

1. ಫೋರ್‌ಸ್ಟೇ ತಂತಿಯ ವ್ಯಾಸ. ವರ್ನಿಯರ್ ಕ್ಯಾಲಿಪರ್‌ನಲ್ಲೇ ಅಳೆಯಿರಿ. 6 ಮತ್ತು 7 ಮಿಮೀ ತಂತಿಗಳು ಬರಿಗಣ್ಣಿಗೆ ಒಂದೇ ಥರ ಕಾಣುತ್ತವೆ.
2. ತಂತಿಯ ಎರಡೂ ತುದಿಗಳ ಪಿನ್ನಿನ ವ್ಯಾಸ. 6 ಮಿಮೀ ತಂತಿಗೆ ಹೆಚ್ಚಾಗಿ 12.7 ಮಿಮೀ, 8 ಮಿಮೀ ತಂತಿಗೆ 16 ಮಿಮೀ ಪಿನ್ ಇರುತ್ತದೆ. ಹಳೆಯ ದೋಣಿಗಳಲ್ಲಿ ಮೇಲೊಂದು ಕೆಳಗೊಂದು ಅಳತೆ ಇರುವುದೂ ಉಂಟು.
3. ಮೇಲಿನ ಪಿನ್ನಿನಿಂದ ಕೆಳಗಿನ ಪಿನ್ನಿನವರೆಗಿನ ಉದ್ದ.
4. ಮೇಲೆ, ಹಾಲ್ಯಾರ್ಡ್ ಹೊರಬೀಳುವ ಗಾಲಿಗೂ ಫೋರ್‌ಸ್ಟೇಯ ಪಿನ್ನಿಗೂ ಇರುವ ಅಂತರ: ಎಷ್ಟು ಕೆಳಗೆ, ಎಷ್ಟು ಹಿಂದೆ.
5. ಮೂತಿಯಲ್ಲಿ ಲಂಗರಿನ ರೋಲರ್, ಕಟಕಟೆ, ಲಂಗರೆತ್ತುವ ಯಂತ್ರವಾದ ವಿಂಡ್‌ಲಾಸ್ ಇವುಗಳ ನಡುವೆ ಡ್ರಮ್ಮಿಗೆ ಸಿಗುವ ಜಾಗ.

ಮಾಸ್ಟ್ ನಿಂತಿರುವಾಗ ಉದ್ದ ಅಳೆಯುವುದಾದರೆ ಉಕ್ಕಿನ ಟೇಪನ್ನು ಹಾಲ್ಯಾರ್ಡಿಗೆ ಕಟ್ಟಿ ಮೇಲೇರಿಸಬಹುದು. ಯಾವ ಮಾದರಿ ಬೇಕೆಂದು ನಿರ್ಧರಿಸಲು ಆ ಅಳತೆ ಸಾಕು, ಫಾಯಿಲ್ ಕತ್ತರಿಸಲು ಸಾಲದು. ಅದಕ್ಕೆ ಫೋರ್‌ಸ್ಟೇಯನ್ನೇ ಇಳಿಸಿ, ನೆಲದ ಮೇಲೆ ಬಿಗಿಯಾಗಿ ಎಳೆದು ಅಳೆಯಬೇಕು. ಇಳಿಸುವ ಮೊದಲು ಹಿಂದಿನ ಸ್ಟೇ (ಮಾಸ್ಟನ್ನು ಹಿಂದಕ್ಕೆ ಬಿಗಿದ ತಂತಿ) ಸಡಿಲಿಸಿ, ಉಳಿದ ಹಾಲ್ಯಾರ್ಡುಗಳಲ್ಲಿ ಎರಡನ್ನು ಮೂತಿಯ ಗಟ್ಟಿ ಬಿಂದುಗಳಿಗೆ ಕಟ್ಟಿ, ಹಗ್ಗ ಬಿಗಿಯುವ ಉರುಳೆಯಾದ ವಿಂಚಿನಲ್ಲಿ ಬಿಗಿಯಿರಿ. ಒಂದೇ ಹಗ್ಗವನ್ನು ನಂಬಿ ಫೋರ್‌ಸ್ಟೇ ಕಳಚಬೇಡಿ.

ಲಂಗರಿನ ವಿಷಯ ಸಣ್ಣದೆನಿಸುತ್ತದೆ. ಆದರೆ ಲಂಗರು ಎಳೆದುಕೊಂಡಾಗ ಅದರ ಮೊನೆ ಡ್ರಮ್ಮಿಗೆ ತಾಗುವಂತಿದ್ದರೆ ಒಂದೇ ಋತುವಿನಲ್ಲಿ ಡ್ರಮ್ಮಿನ ಕವಚ ಜಜ್ಜಿಹೋಗುತ್ತದೆ. ಉದ್ದ ಟಾಗಲ್ (ತಂತಿಯ ತುದಿ ಎಲ್ಲ ಕಡೆಗೂ ಬಾಗಲು ಬಿಡುವ ಕೀಲು) ಅಥವಾ ಜೋಡಿ ಪಟ್ಟಿ ಹಾಕಿ ಡ್ರಮ್ಮನ್ನು ಮೇಲೆತ್ತಬಹುದು. ಎತ್ತಿದಷ್ಟೂ ಹಾಯಿಯ ಉದ್ದ ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಯಾವ ಬಗೆ?

ಮಾರುಕಟ್ಟೆಯಲ್ಲಿ ಫರ್ಲರ್ ಹೆಸರಿನಲ್ಲಿ ಸಿಗುವುದೆಲ್ಲ ಒಂದೇ ಕೆಲಸಕ್ಕಲ್ಲ. ಮೊದಲು ಪ್ರತ್ಯೇಕಿಸಬೇಕಾದದ್ದು ಎರಡು ಕೆಲಸಗಳನ್ನು: ಹಾಯಿಯನ್ನು ಪೂರ್ತಿ ಸುತ್ತಿಡುವುದು ಒಂದು, ಅರ್ಧ ಸುತ್ತಿ ಸಣ್ಣ ಹಾಯಿಯಾಗಿ ಬಳಸುವುದು ಇನ್ನೊಂದು. 20ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬಂದ ವೈಕಮ್-ಮಾರ್ಟಿನ್ ಸಾಧನ ಮೊದಲನೆಯ ಬಗೆಯದು. ಅದರಲ್ಲಿ ಹಾಯಿ ತನ್ನದೇ ಅಂಚಿನ ತಂತಿಯ ಸುತ್ತ ಸುತ್ತಿಕೊಳ್ಳುತ್ತದೆ. ಬಿಚ್ಚಿದರೆ ಪೂರ್ತಿ, ಸುತ್ತಿದರೆ ಪೂರ್ತಿ. ಅರ್ಧ ಸುತ್ತಿ ಗಾಳಿಗೊಡ್ಡಿದರೆ ಬುಡ ಎಷ್ಟು ತಿರುಗಿತೋ ತಲೆ ಅಷ್ಟು ತಿರುಗದೆ, ಹಾಯಿಯ ಮೇಲ್ಭಾಗ ಬಿಚ್ಚಿಕೊಂಡು ಬಡಿಯತೊಡಗುತ್ತದೆ. ಮಂದಗಾಳಿಗೆಂದು ಹಾಕುವ ಇಂದಿನ ದೊಡ್ಡ ಕೋಡ್ ಜೀರೋ ಹಾಯಿಗಳಿಗೆ ಬಳಸುವ, ತುದಿಯಿಲ್ಲದ ಕುಣಿಕೆ ಹಗ್ಗದ ಫರ್ಲರುಗಳೂ ಇದೇ ಜಾತಿಯವು. ನಡುಗಡಲಿನಲ್ಲಿ ಗಾಳಿ ಏರಿದಾಗ ಹಾಯಿ ಕುಗ್ಗಿಸಲು ಇವನ್ನು ನೆಚ್ಚುವಂತಿಲ್ಲ.

ದೂರ ಪಯಣದ ದೋಣಿಗೆ ಬೇಕಾದದ್ದು ತಿರುಚಿಕೊಳ್ಳದ ಫಾಯಿಲ್ ಇರುವ ಎರಡನೆಯ ಬಗೆ. ಇದರೊಳಗೂ ಕವಲುಗಳಿವೆ.

ಹೆಚ್ಚು ಬಳಕೆಯಲ್ಲಿರುವುದು ಅಲ್ಯೂಮಿನಿಯಂ ಫಾಯಿಲ್ಲಿನ, ಮೇಲೆ ಹಾಲ್ಯಾರ್ಡ್ ಸ್ವಿವೆಲ್ ಇರುವ ವಿನ್ಯಾಸ. ಹಾರ್ಕೆನ್, ಪ್ರೊಫರ್ಲ್, ಫರ್ಲೆಕ್ಸ್, ಶೇಫರ್ ಬ್ರ್ಯಾಂಡುಗಳೆಲ್ಲ ಈ ಸಾಲಿನವೇ. ಹಾಯಿಯನ್ನು ಬೇರೆ ಹಾಲ್ಯಾರ್ಡಿನಿಂದಲೇ ಏರಿಸುವುದರಿಂದ ಬಿಗಿ ಹೆಚ್ಚುಕಡಿಮೆ ಮಾಡಬಹುದು, ಹಾಯಿಯನ್ನು ಇಳಿಸುವುದೂ ಸುಲಭ. ಬೇರಿಂಗಿನಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಹಾರ್ಕೆನ್‌ನದು ತೆರೆದ ಬೇರಿಂಗ್: ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಗ್ರೀಸ್ ಹಾಕಬಾರದು. ಪ್ರೊಫರ್ಲ್‌ನದು ಗ್ರೀಸ್ ತುಂಬಿ ಮುಚ್ಚಿದ ಬೇರಿಂಗ್: ದಿನನಿತ್ಯದ ಆರೈಕೆ ಬೇಡ, ಸೀಲ್ ಹೋದರೆ ಮಾತ್ರ ಬಿಚ್ಚಿ ಬದಲಿಸಬೇಕು. ಫರ್ಲೆಕ್ಸ್‌ಗೆ ಕಾಲಕಾಲಕ್ಕೆ ಗ್ರೀಸ್ ಬೇಕು. ಬಳಸಿದ ಮೇಲೆ ಸಿಹಿನೀರಿನ ಪೈಪ್ ಸಿಗುವ ಮರೀನಾದಲ್ಲಿ ದೋಣಿ ನಿಲ್ಲುವುದಾದರೆ ತೆರೆದ ಬೇರಿಂಗ್ ಚೆನ್ನ. ತಿಂಗಳುಗಟ್ಟಲೆ ಲಂಗರಿನ ಮೇಲೆ ಉಪ್ಪುಗಾಳಿಗೆ ಬಿದ್ದಿರುವ, ಕುಡಿಯಲು ತಂದ ನೀರೇ ಲೆಕ್ಕದಲ್ಲಿರುವ ದೋಣಿಗೆ ಮುಚ್ಚಿದ್ದು ವಾಸಿ.

ಇನ್ನೊಂದು ಕವಲು ಸಿಡಿಐ ಕಂಪನಿಯ ಫ್ಲೆಕ್ಸಿಬಲ್ ಫರ್ಲರಿನಂಥದ್ದು. ಲೋಹದ ಬದಲು ಬಾಗುವ ಪ್ಲಾಸ್ಟಿಕ್ ಫಾಯಿಲ್. ಹಾಲ್ಯಾರ್ಡ್ ಫಾಯಿಲ್ಲಿನ ಜೊತೆಗೇ ಇದ್ದು ಅದರೊಂದಿಗೇ ತಿರುಗುತ್ತದೆ, ಆದ್ದರಿಂದ ಮೇಲೆ ಸ್ವಿವೆಲ್ ಇಲ್ಲ, ಹಾಲ್ಯಾರ್ಡ್ ಸುತ್ತಿಕೊಳ್ಳುವ ಪೀಡೆಯೂ ಇಲ್ಲ. ಬೆಲೆ ಕಡಿಮೆ. ಮಾಸ್ಟನ್ನು ಆಗಾಗ ಇಳಿಸಿ ಟ್ರೇಲರ್ ಮೇಲೆ ಸಾಗಿಸುವ 20–27 ಅಡಿಯ ದೋಣಿಗೆ ಹೇಳಿಮಾಡಿಸಿದ್ದು, ಯಾಕೆಂದರೆ ಬಾಗಿದರೂ ಮುರಿಯುವುದಿಲ್ಲ. ಆದರೆ ಹಾಯಿ ಬದಲಿಸುವುದು ತಡವಾಗುವ ಕೆಲಸ, ಜೋರುಗಾಳಿಯಲ್ಲಿ ಅರ್ಧ ಸುತ್ತಿದ ಹಾಯಿಗೆ ಲೋಹದ ಫಾಯಿಲ್ಲಿನ ಬಿಗುಪು ಸಿಗದು. 30 ಅಡಿ ದಾಟಿ ಕಡಲಿಗಿಳಿಯುವ ದೋಣಿಗೆ ಇದನ್ನು ಹಾಕಿ ಹಣ ಉಳಿಸುವ ಲೆಕ್ಕಾಚಾರ ನಮಗೆ ಒಪ್ಪಿಗೆಯಿಲ್ಲ.

ಗಾತ್ರ ಆರಿಸುವುದು

ತಯಾರಕರ ಪಟ್ಟಿಯಲ್ಲಿ ದೋಣಿಯ ಉದ್ದಕ್ಕೆ ಇಂಥ ಮಾದರಿ ಎಂದು ಬರೆದಿರುತ್ತದೆ. ಅದನ್ನು ಮೊದಲ ಅಂದಾಜಿಗೆ ಮಾತ್ರ ಬಳಸಿ. ಮಾದರಿಯನ್ನು ನಿಜಕ್ಕೂ ನಿರ್ಧರಿಸುವುದು ತಂತಿಯ ವ್ಯಾಸ ಮತ್ತು ಪಿನ್ನಿನ ಅಳತೆ, ಯಾಕೆಂದರೆ ತಂತಿಯ ದಪ್ಪದಲ್ಲೇ ದೋಣಿಯ ತೂಕ, ಗಾಳಿಗೆ ಬಾಗದೆ ನಿಲ್ಲುವ ಬಲ ಎಲ್ಲ ಅಡಗಿರುತ್ತದೆ. 33 ಅಡಿಯ ಹಗುರ ದೋಣಿಗೂ ಅಷ್ಟೇ ಉದ್ದದ ಭಾರದ ದೋಣಿಗೂ ಬೇರೆ ಬೇರೆ ಫರ್ಲರ್ ಬೇಕಾಗಬಹುದು. ಅಳತೆ ಎರಡು ಮಾದರಿಗಳ ಗಡಿಯಲ್ಲಿದ್ದರೆ, ಕಡಲ ಪಯಣದ ದೋಣಿಗೆ ದೊಡ್ಡದನ್ನೇ ತೆಗೆದುಕೊಳ್ಳಿ. ದೊಡ್ಡ ಡ್ರಮ್ಮಿನಿಂದ ತಿರುಗಿಸಲು ಸಿಗುವ ಬಲವೂ ಹೆಚ್ಚು. ಪಿನ್ ಸಣ್ಣದು, ತೂತು ದೊಡ್ಡದು ಎಂದಾದರೆ ಹಾಗೇ ತೂರಿಸಿ ಬಿಡಬೇಡಿ. ಪಿನ್ ಅಲ್ಲಾಡಿ ಅಲ್ಲಾಡಿ ತೂತನ್ನು ಮೊಟ್ಟೆಯಾಕಾರ ಮಾಡುತ್ತದೆ.

ಹಳೆಯ ತಂತಿಯ ಮೇಲೆಯೇ ಹೊಸ ಫಾಯಿಲ್ ತೊಡಿಸಲೇ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ತಂತಿಗೆ 10 ವರ್ಷ ಸಮೀಪಿಸಿದ್ದರೆ, ಅಥವಾ ವಯಸ್ಸೇ ಗೊತ್ತಿಲ್ಲದಿದ್ದರೆ, ಬದಲಿಸಿಬಿಡಿ. ಫಾಯಿಲ್ ತೊಡಿಸಿದ ಮೇಲೆ ತಂತಿ ಕಣ್ಣಿಗೆ ಬೀಳುವುದಿಲ್ಲ. ಎಳೆಗಳು ಹೆಚ್ಚಾಗಿ ಹರಿಯುವುದು ತುದಿಗೆ ಒತ್ತಿ ಕೂರಿಸಿದ ಕೊಳವೆಯ, ಅಂದರೆ ಸ್ವೇಜಿನ, ಬಾಯಿಯಲ್ಲಿ, ಅದೂ ಡ್ರಮ್ಮಿನೊಳಗೋ ಸ್ವಿವೆಲ್ಲಿನಾಚೆಗೋ ಮರೆಯಾಗಿರುತ್ತದೆ. ಫರ್ಲರಿನ ಬೆಲೆಯ ಮುಂದೆ ತಂತಿಯ ಬೆಲೆ ಹೆಚ್ಚೇನಲ್ಲ. ಫರ್ಲೆಕ್ಸ್ ತನ್ನ ಕಿಟ್ಟಿನಲ್ಲೇ ಹೊಸ ತಂತಿ ಕೊಡುತ್ತದೆ, ಬೆಲೆ ಹೋಲಿಸುವಾಗ ಇದನ್ನು ಮರೆಯಬಾರದು. ಕೆಳತುದಿಗೆ ಸ್ಟಾ-ಲಾಕ್‌ನಂಥ ಕೈಯಿಂದ ಜೋಡಿಸುವ ಟರ್ಮಿನಲ್ ಹಾಕಿಸಿದರೆ ಮುಂದೆ ಬಿಚ್ಚಿ ನೋಡಲೂಬಹುದು. ಟಾಗಲ್ ಮಾತ್ರ ಎರಡೂ ತುದಿಗೆ ಬೇಕೇ ಬೇಕು. ಹಾಯಿ ತುಂಬಿದಾಗ ಫೋರ್‌ಸ್ಟೇ ಪಕ್ಕಕ್ಕೂ ಬಾಗುತ್ತದೆ. ಆ ಬಾಗನ್ನು ಟಾಗಲ್ ತಾಳಿಕೊಳ್ಳದಿದ್ದರೆ ತಂತಿಯ ಕುತ್ತಿಗೆಯೇ ತಾಳಬೇಕು.

ತುದಿಯ ಗೇಣುದ್ದ

ಫರ್ಲರ್ ಕೆಟ್ಟಿತು ಎಂದು ಬರುವ ದೂರುಗಳಲ್ಲಿ ಬಹಳಷ್ಟು ಫರ್ಲರಿನ ತಪ್ಪಲ್ಲ, ಹಾಲ್ಯಾರ್ಡಿನ ತಪ್ಪು. ಆಗುವುದು ಹೀಗೆ. ಸ್ವಿವೆಲ್ಲಿನ ಕೆಳಭಾಗ ಹಾಯಿಯೊಂದಿಗೆ ತಿರುಗಬೇಕು, ಮೇಲ್ಭಾಗ ಹಾಲ್ಯಾರ್ಡನ್ನು ಹಿಡಿದು ಸುಮ್ಮನಿರಬೇಕು. ಹಾಲ್ಯಾರ್ಡ್ ಫೋರ್‌ಸ್ಟೇಗೆ ಸಮಾನಾಂತರವಾಗಿ, ಅದಕ್ಕೆ ಅಂಟಿಕೊಂಡಂತೆ ಏರಿದ್ದರೆ ಸ್ವಿವೆಲ್ಲಿನ ಮೇಲ್ಭಾಗವನ್ನು ತಡೆದು ನಿಲ್ಲಿಸುವ ಬಲವೇ ಇರುವುದಿಲ್ಲ. ಅದೂ ತಿರುಗುತ್ತದೆ, ಹಾಲ್ಯಾರ್ಡ್ ಬಳ್ಳಿಯಂತೆ ಫಾಯಿಲ್ಲಿಗೆ ಸುತ್ತಿಕೊಳ್ಳುತ್ತದೆ. ಎರಡು ಸುತ್ತಾದರೆ ಫರ್ಲರ್ ಬಿಗಿದು ನಿಲ್ಲುತ್ತದೆ. ಆಗ ಹಗ್ಗವನ್ನು ವಿಂಚಿಗೆ ಹಾಕಿ ಜಗ್ಗುವುದೇ ಎಲ್ಲರೂ ಮಾಡುವ ತಪ್ಪು. ವಿಂಚಿನ ಬಲಕ್ಕೆ ಫಾಯಿಲ್ ತಿರುಚಿಕೊಳ್ಳುತ್ತದೆ, ಫೋರ್‌ಸ್ಟೇಯ ಎಳೆಗಳು ಹೆಣಿಗೆ ಬಿಚ್ಚಿಕೊಳ್ಳುತ್ತವೆ. ಮಾಸ್ಟೇ ಉರುಳಿದ ಪ್ರಸಂಗಗಳ ಮೂಲದಲ್ಲಿ ಹೀಗೆ ಹಾಳಾದ ಫೋರ್‌ಸ್ಟೇ ಇರುವುದುಂಟು.

ತಡೆಯುವ ಉಪಾಯ: ಸ್ವಿವೆಲ್ಲಿನಿಂದ ಮೇಲಕ್ಕೆ ಹೋಗುವ ಹಾಲ್ಯಾರ್ಡ್ ಫೋರ್‌ಸ್ಟೇಯಿಂದ ಹಿಂದಕ್ಕೆ, ಮಾಸ್ಟಿನ ಕಡೆಗೆ, 8ರಿಂದ 10 ಡಿಗ್ರಿ ಕೋನದಲ್ಲಿ ಓಡಬೇಕು. ಮಾಸ್ಟ್ ಹತ್ತದೆ ಇದನ್ನು ನೋಡಬಹುದು. ಹಾಯಿಯನ್ನು ಪೂರ್ತಿ ಏರಿಸಿ, ದೋಣಿಯ ಪಕ್ಕದ ದಡದಿಂದ ಜೂಮ್ ಮಾಡಿ ಫೋಟೊ ತೆಗೆದು, ಪರದೆಯ ಮೇಲೆ ಕೋನ ಅಳೆಯಿರಿ. ಗಾಲಿ ಫೋರ್‌ಸ್ಟೇಗೆ ತೀರಾ ಹತ್ತಿರವಿದ್ದು ಕೋನ ಸಾಲದಿದ್ದರೆ, ಮಾಸ್ಟಿನ ಮುಂಬದಿಗೆ, ಗಾಲಿಯ ಕೆಳಗೆ, ಹಾಲ್ಯಾರ್ಡನ್ನು ಮಾಸ್ಟಿನತ್ತ ಎಳೆದು ಹಿಡಿಯುವ ಕೊಂಡಿ ಜೋಡಿಸಬೇಕು. ಕೊಂಡಿ ತೀರಾ ಕೆಳಗಾಗಿ ಕೋನ ಅತಿಯಾದರೆ ಅದೂ ಕೇಡೇ: ಹಾಲ್ಯಾರ್ಡ್ ಉಜ್ಜಿ ಸವೆಯುತ್ತದೆ, ಹಾಯಿ ಬಿಗಿಯುವುದು ಕಷ್ಟವಾಗುತ್ತದೆ. ಪ್ರೊಫರ್ಲ್ ಇದಕ್ಕೆ ಬೇರೆ ದಾರಿ ಹಿಡಿದಿದೆ. ಫಾಯಿಲ್ಲಿನ ತುದಿಯಲ್ಲೇ ಸುತ್ತುತಡೆಯೊಂದನ್ನು ಕೂರಿಸುತ್ತದೆ, ಹಾಲ್ಯಾರ್ಡ್ ಸುತ್ತಲು ಹೋದರೆ ಅದಕ್ಕೆ ತಾಗಿ ನಿಲ್ಲುತ್ತದೆ. ನಿಮ್ಮ ಮಾಸ್ಟಿನಲ್ಲಿ ಕೊಂಡಿ ಹಾಕಲು ಜಾಗವೇ ಇಲ್ಲದಿದ್ದರೆ ಬ್ರ್ಯಾಂಡ್ ಆಯ್ಕೆ ಇಲ್ಲಿಗೇ ಮುಗಿಯಬಹುದು.

ಕೋನದಷ್ಟೇ ಮುಖ್ಯ ಸ್ವಿವೆಲ್ ನಿಲ್ಲುವ ಎತ್ತರ. ಸ್ವಿವೆಲ್ ಫಾಯಿಲ್ಲಿನ ತುದಿಯ ಹತ್ತಿರವೇ ಇರಬೇಕು, ಅದರ ಮೇಲೆ ಕಾಣುವ ಹಾಲ್ಯಾರ್ಡ್ 5–10 ಸೆಂಮೀ ಇದ್ದರೆ ಚೆನ್ನ. ಹಾಯಿಯ ಮುಂದಿನಂಚು ಅಷ್ಟು ಉದ್ದವಿಲ್ಲವೆ? ಕೊರತೆಯಷ್ಟು ಉದ್ದದ, ಹಿಗ್ಗದ ಡೈನೀಮಾ ಹಗ್ಗವನ್ನೋ ತಂತಿಯನ್ನೋ ಹಾಯಿಯ ತಲೆಗೂ ಸ್ವಿವೆಲ್ಲಿಗೂ ನಡುವೆ ಶಾಶ್ವತವಾಗಿ ಹೊಲಿಸಿ. ಕೊಕ್ಕೆ ಹಾಕಿ ತೆಗೆಯುವಂತೆ ಮಾಡಿದರೆ ಒಂದಲ್ಲ ಒಂದು ದಿನ ಮರೆತೇ ಮರೆಯುತ್ತೀರಿ. ಸ್ವಿವೆಲ್ ಫಾಯಿಲ್ಲಿನ ತುದಿಯನ್ನು ದಾಟಿ ಮೇಲೆ ಹೋಗದಂತೆ ನೋಡಿಕೊಳ್ಳಿ. ಹೋದರೆ ಅಲ್ಲೇ ಸಿಕ್ಕಿಕೊಂಡು ಹಾಯಿ ಏರಲೂ ಇಲ್ಲ ಇಳಿಯಲೂ ಇಲ್ಲ ಎಂಬ ಸ್ಥಿತಿ.

ಹಾಯಿಯನ್ನು ಹೊಂದಿಸುವುದು

ಕೊಕ್ಕೆಗಳಿಂದ ಫೋರ್‌ಸ್ಟೇಗೆ ಸಿಕ್ಕಿಸುತ್ತಿದ್ದ ಹಳೆಯ ಹಾಯಿ ಹಾಗೇ ಹೊಂದುವುದಿಲ್ಲ. ಕೆಳಗೆ ಡ್ರಮ್ಮು, ಮೇಲೆ ಸ್ವಿವೆಲ್ ಜಾಗ ತಿನ್ನುವುದರಿಂದ ಪೂರ್ತಿ ಎತ್ತರದ ಹಾಯಿಯಾಗಿದ್ದರೆ ಸುಮಾರು ಅರ್ಧ ಮೀಟರು ಕತ್ತರಿಸಬೇಕಾಗುತ್ತದೆ. ಕೊಕ್ಕೆಗಳನ್ನು ಕಿತ್ತು, ಫಾಯಿಲ್ಲಿನ ಸೀಳಿಗೆ ಸರಿಯಾದ ದಪ್ಪದ ಅಂಚುಪಟ್ಟಿ, ಅಂದರೆ ಲಫ್ ಟೇಪ್, ಹೊಲಿಸಬೇಕು. ಟೇಪಿನ ಅಳತೆ ಫರ್ಲರಿನ ಕೈಪಿಡಿಯಲ್ಲಿ ಇರುತ್ತದೆ. ಅದನ್ನು ಹಾಯಿ ಹೊಲಿಯುವವರಿಗೆ ಬರೆದುಕೊಡಿ, ಬಾಯಿಮಾತಿನಲ್ಲಿ ಬಿಡಬೇಡಿ. ಒಂದು ಅಳತೆ ದಪ್ಪವಾದರೂ ಹಾಯಿ ಏರುವಾಗ ಕಚ್ಚಿಕೊಳ್ಳುತ್ತದೆ, ತೆಳುವಾದರೆ ಗಾಳಿಗೆ ಸೀಳಿನಿಂದ ಕಿತ್ತುಬರುತ್ತದೆ.

ಎಷ್ಟು ದೊಡ್ಡ ಹಾಯಿ? ಉದಾಹರಣೆಗೆ ಮುಂತ್ರಿಕೋನದ (ಮಾಸ್ಟ್, ಫೋರ್‌ಸ್ಟೇ, ಡೆಕ್ಕುಗಳ ನಡುವಿನ ತ್ರಿಕೋನ) ಎತ್ತರ 12.5 ಮೀ, ತಳ 3.5 ಮೀ ಇರುವ ದೋಣಿ ತೆಗೆದುಕೊಳ್ಳಿ. ಮುಂದಿನಂಚು 12.2 ಮೀ ಎಂದಿಟ್ಟುಕೊಂಡರೆ 135 ಶೇಕಡಾ ಜೆನೋವಾದ (ತಳದ 1.35 ಪಟ್ಟು ಅಗಲವಿದ್ದು ಮಾಸ್ಟಿನ ಹಿಂದಕ್ಕೂ ಚಾಚುವ ಮುಂಹಾಯಿ) ಅಗಲ 4.7 ಮೀ, ವಿಸ್ತೀರ್ಣ ಸುಮಾರು 29 ಚದರ ಮೀಟರು. ಅದನ್ನು 100 ಶೇಕಡಾಕ್ಕೆ ಸುತ್ತಿದರೆ ಉಳಿಯುವುದು ಸುಮಾರು 21 ಚದರ ಮೀಟರು, ಅಂದರೆ ನಾಲ್ಕನೇ ಒಂದಕ್ಕಿಂತ ತುಸು ಹೆಚ್ಚು ಕಡಿತ. ಇದು ಸರಿಯಾಗಿ ನಡೆಯುತ್ತದೆ. 30 ಶೇಕಡಾ ಕಡಿತ ದಾಟಿದ ಮೇಲೆ ಹಾಯಿಯ ಆಕಾರ ಕೆಡುತ್ತದೆ: ನಡುವಿನ ಉಬ್ಬಿನ ಬಟ್ಟೆ ಸುರುಳಿಗೆ ಸೇರದೆ ಚೀಲದಂತೆ ಜೋತುಬೀಳುತ್ತದೆ, ಗಾಳಿಗೆದುರು ಸಾಗಲು ಬಾರದು. ಈ ಉಬ್ಬನ್ನು ಮೊದಲೇ ನುಂಗಲೆಂದು ಮುಂದಿನಂಚಿನ ನಡುಭಾಗಕ್ಕೆ ಫೋಮ್ ಅಥವಾ ಹಗ್ಗಗಳ ಮೆತ್ತೆ ಹೊಲಿಯುತ್ತಾರೆ. ನಮ್ಮ ಬಿಸಿಲಿಗೆ ಹಗ್ಗದ ಮೆತ್ತೆಯೇ ಬಾಳುತ್ತದೆ, ಫೋಮ್ ಕೆಲವು ವರ್ಷಕ್ಕೆ ಪುಡಿಯಾಗುತ್ತದೆ. ಹಾಯಿಯ ಹಿಂಮೂಲೆಯನ್ನು ತುಸು ಎತ್ತರಕ್ಕೆ ಕತ್ತರಿಸಿದ್ದರೆ ಕುಗ್ಗಿಸಿದಾಗ ಆ ಮೂಲೆಯನ್ನು ಎಳೆದು ಹಿಡಿಯುವ ಶೀಟ್ ಹಗ್ಗದ ಕೋನ ಹೆಚ್ಚು ಬದಲಾಗುವುದಿಲ್ಲ. ಹಾಗಿದ್ದರೂ ಸುತ್ತಿದಂತೆಲ್ಲ ಶೀಟ್ ಹಾಯುವ ರಾಟೆಯನ್ನು, ಅಂದರೆ ಬ್ಲಾಕನ್ನು, ಮುಂದಕ್ಕೆ ಸರಿಸುವುದು ತಪ್ಪದು.

ಗಾತ್ರವನ್ನು ಊರಿನ ಗಾಳಿ ಹೇಳುತ್ತದೆ. ಗೋವಾ, ಕಾರವಾರ, ಮಂಗಳೂರಿನ ಕರಾವಳಿಯಲ್ಲಿ ನವೆಂಬರ್‌ನಿಂದ ಫೆಬ್ರುವರಿವರೆಗೆ ಬೆಳಗಿನ ಹೊತ್ತು ಮಂದಗಾಳಿ, ಮಧ್ಯಾಹ್ನದ ಮೇಲೆ ಹದವಾದ ಕಡಲಗಾಳಿ. ಇಲ್ಲಿ 130–135 ಶೇಕಡಾ ಹಾಯಿ ಸಾರ್ಥಕ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ದೋಣಿ ಇಟ್ಟುಕೊಂಡಿರುವ ಕನ್ನಡಿಗರು ಇದೇ ಹಾಯಿ ಹಾಕಿದರೆ ಬೇಸಿಗೆಯ ಮಧ್ಯಾಹ್ನಗಳೆಲ್ಲ ಅರ್ಧ ಸುತ್ತಿಕೊಂಡೇ ಓಡಿಸಬೇಕು. ಅಲ್ಲಿ ಗಾಳಿ 20 ನಾಟ್ (ಗಂಟೆಗೆ ಸುಮಾರು 37 ಕಿಮೀ) ದಾಟುವುದು ದಿನದ ಮಾತು, 100–110 ಶೇಕಡಾ ಸಾಕು.

ಸುತ್ತಿದ ಹಾಯಿಯ ಹಿಂದಿನಂಚು ಮತ್ತು ಕೆಳಅಂಚು ದಿನವಿಡೀ ಬಿಸಿಲಿಗೆ ಬಿದ್ದಿರುತ್ತದೆ. ಅಲ್ಲಿಗೆ ಹೊಲಿಯುವ ಬಿಸಿಲುಪಟ್ಟಿ ಯಾವ ಬದಿಗಿದೆ ನೋಡಿ. ಸುತ್ತಿದಾಗ ಅದು ಹೊರಗೆ ಬರಬೇಕು. ಪಟ್ಟಿ ಎಡಬದಿಗಿದ್ದರೆ ಹಗ್ಗ ಡ್ರಮ್ಮಿನ ಬಲಬದಿಯಿಂದ ಹೊರಬೀಳುವಂತೆ ಸುತ್ತಿಕೊಂಡಿರಬೇಕು, ಪಟ್ಟಿ ಬಲಕ್ಕಿದ್ದರೆ ಹಗ್ಗ ಎಡದಿಂದ. ಹಗ್ಗವನ್ನು ಡೆಕ್ಕಿನ ಯಾವ ಬದಿಯಲ್ಲಿ ಒಯ್ಯಬೇಕೆಂಬುದೂ ಇದರಿಂದಲೇ ತೀರ್ಮಾನವಾಗುವುದರಿಂದ, ಬ್ಲಾಕುಗಳಿಗೆ ತೂತು ಕೊರೆಯುವ ಮೊದಲೇ ಇದನ್ನು ನೋಡಿಕೊಳ್ಳಿ.

ಫರ್ಲಿಂಗ್ ಹಗ್ಗ

ಹಾಯಿ ಬಿಚ್ಚಿದಾಗ ಹಗ್ಗ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ಸುತ್ತಿದಾಗ ಹೊರಬರುತ್ತದೆ. ಹಾಯಿಯನ್ನು ಪೂರ್ತಿ ಸುತ್ತಿ, ಅದರ ಮೇಲೆ ಶೀಟ್ ಹಗ್ಗವೂ 2–3 ಸುತ್ತು ಬಂದ ಮೇಲೆ ಡ್ರಮ್ಮಿನಲ್ಲಿ ಇನ್ನೂ 3–4 ಸುತ್ತು ಉಳಿದಿರಬೇಕು. ಗಾಳಿಯಿಲ್ಲದ ದಿನ ಸುತ್ತಿ ಎಣಿಸಿದರೆ ಸಾಲದು. ಜೋರುಗಾಳಿಯಲ್ಲಿ ಹಾಯಿ ಬಿಗಿಯಾಗಿ ಸುತ್ತಿಕೊಳ್ಳುವುದರಿಂದ ಹೆಚ್ಚು ಸುತ್ತು ಬೇಕಾಗುತ್ತದೆ, ಬೇಕಾದಾಗಲೇ ಹಗ್ಗ ಮುಗಿದುಹೋಗುತ್ತದೆ. 10 ಮೀಟರ್ ಉದ್ದದ ದೋಣಿಗೆ 8–10 ಮಿಮೀ ಪಾಲಿಯೆಸ್ಟರ್ ಹಗ್ಗ, ದೋಣಿಯ ಉದ್ದದ ಎರಡರಷ್ಟಕ್ಕಿಂತ ತುಸು ಹೆಚ್ಚು, ಅಂದರೆ 22 ಮೀಟರಿನಷ್ಟು ಬೇಕು. ಡ್ರಮ್ಮಿನಲ್ಲಿ ಹಿಡಿಸದಿದ್ದರೆ ತೆಳು ಹಗ್ಗಕ್ಕೆ ಹೋಗಬೇಡಿ, ಕೈ ಕೊಯ್ಯುತ್ತದೆ. ಡ್ರಮ್ಮಿಗೆ ಹೋಗುವ ಭಾಗದ ಒಳತಿರುಳನ್ನಷ್ಟೇ ಎಳೆದು ತೆಗೆದರೆ ಹಗ್ಗ ಚಪ್ಪಟೆಯಾಗಿ ಕೂರುತ್ತದೆ, ಕೈಗೆ ಸಿಗುವ ಭಾಗ ದಪ್ಪವಾಗಿಯೇ ಇರುತ್ತದೆ.

ಡ್ರಮ್ಮಿನಿಂದ ಮೊದಲ ಬ್ಲಾಕಿಗೆ ಹಗ್ಗ ಫೋರ್‌ಸ್ಟೇಗೆ ಲಂಬವಾಗಿ, ಡ್ರಮ್ಮಿನ ನಡುಮಟ್ಟದಲ್ಲಿ ಹೊರಡಬೇಕು. ಮೇಲೋ ಕೆಳಗೋ ಎಳೆದರೆ ಒಂದೇ ಅಂಚಿನಲ್ಲಿ ಗುಪ್ಪೆಯಾಗಿ ಒಂದು ಸುತ್ತು ಇನ್ನೊಂದರಡಿ ಸಿಕ್ಕಿಕೊಳ್ಳುತ್ತದೆ. ಕಾಕ್‌ಪಿಟ್ಟಿನ ಬಳಿಯ ಕೊನೆಯ ತಿರುವಿನಲ್ಲಿ ಒಂದೇ ದಿಕ್ಕಿಗೆ ತಿರುಗುವ ರ್‍ಯಾಚೆಟ್ ಬ್ಲಾಕ್ ಇದ್ದರೆ ಎಳೆದದ್ದು ಜಾರುವುದಿಲ್ಲ. ಹಾಯಿ ಬಿಚ್ಚುವಾಗಲೂ ಹಗ್ಗವನ್ನು ಪೂರ್ತಿ ಬಿಡದೆ ಕೈಯಲ್ಲಿ ಹಗುರವಾಗಿ ತಡೆಹಿಡಿದೇ ಬಿಡಿ. ಸಡಿಲವಾಗಿ ಸುತ್ತಿಕೊಂಡ ಹಗ್ಗವೇ ಮುಂದಿನ ಸಲ ಕಗ್ಗಂಟಾಗುವುದು.

ಜೋಡಿಸುವಾಗ ಫಾಯಿಲ್ಲಿನ ಅಲ್ಯೂಮಿನಿಯಂಗೆ ಹೋಗುವ ಪ್ರತಿ ಸ್ಟೇನ್‌ಲೆಸ್ ಸ್ಕ್ರೂವಿಗೂ ಟೆಫ್-ಜೆಲ್ ಅಥವಾ ಡ್ಯುರಾಲಾಕ್‌ನಂಥ ತುಕ್ಕುತಡೆ ಲೇಪ ಹಚ್ಚಿ. ಇಲ್ಲದಿದ್ದರೆ ಉಪ್ಪುನೀರಿನಲ್ಲಿ ಎರಡು ಲೋಹ ಕಚ್ಚಿಕೊಂಡು, ಬಿಚ್ಚಲು ಹೋದವರ ಕೈಯಲ್ಲಿ ಸ್ಕ್ರೂವಿನ ತಲೆ ಮಾತ್ರ ಬರುತ್ತದೆ. ಫಾಯಿಲ್ ತುಂಡುಗಳ ಜೋಡಣೆಯ ಸ್ಕ್ರೂಗಳನ್ನು ವರ್ಷಕ್ಕೊಮ್ಮೆ ನೋಡಿ; ಒಂದು ಸಡಿಲವಾಗಿ ತಲೆ ಹೊರಬಂದರೂ ಸ್ವಿವೆಲ್ ಅಲ್ಲೇ ತಡೆದು ನಿಲ್ಲುತ್ತದೆ. ಫೋರ್‌ಸ್ಟೇ ಜೋತುಬಿದ್ದಿದ್ದರೆ ಯಾವ ಫರ್ಲರೂ ಸರಾಗವಾಗಿ ತಿರುಗುವುದಿಲ್ಲ, ಹಿಂದಿನ ಸ್ಟೇ ಬಿಗಿದು ಫೋರ್‌ಸ್ಟೇಯನ್ನು ನೆಟ್ಟಗೆ ಮಾಡಿ. ಹಾಲ್ಯಾರ್ಡನ್ನು ಮಾತ್ರ ಅತಿಯಾಗಿ ಬಿಗಿಯಬೇಡಿ. ಮುಂದಿನಂಚಿನ ಅಡ್ಡನೆರಿಗೆ ಹೋಗುವಷ್ಟು ಸಾಕು. ಅದಕ್ಕಿಂತ ಹೆಚ್ಚಿನದ್ದೆಲ್ಲ ಬೇರಿಂಗಿನ ಮೇಲಿನ ಹೊರೆ.

ನಡುಗಡಲಿನಲ್ಲಿ ಬಿಗಿದು ನಿಂತರೆ

ಮೊದಲು ಎಳೆಯುವುದನ್ನು ನಿಲ್ಲಿಸಿ, ಮೇಲೆ ನೋಡಿ. ದೋಣಿಯನ್ನು ಗಾಳಿಯ ಜೊತೆಗೆ ತಿರುಗಿಸಿ, ಮುಂಹಾಯಿ ದೊಡ್ಡಹಾಯಿಯ ಮರೆಗೆ ಬಂದರೆ ಹೊರೆ ತಟ್ಟನೆ ಇಳಿಯುತ್ತದೆ. ಹಾಲ್ಯಾರ್ಡ್ ಸುತ್ತಿಕೊಂಡಿದ್ದರೆ ಹಾಯಿಯನ್ನು ತುಸು ಬಿಚ್ಚುವ ದಿಕ್ಕಿಗೇ ತಿರುಗಿಸಿ, ಹಾಲ್ಯಾರ್ಡನ್ನು ಒಂದು ಗೇಣು ಸಡಿಲಿಸಿ ಮತ್ತೆ ಪ್ರಯತ್ನಿಸಿ. ಹಗ್ಗವೇ ತುಂಡಾಗಿದ್ದರೆ ಮೂತಿಗೆ ಹೋಗಿ ಡ್ರಮ್ಮನ್ನು ಕೈಯಿಂದ ತಿರುಗಿಸಬಹುದು, ಸುರಕ್ಷಾ ಪಟ್ಟಿ ಕಟ್ಟಿಕೊಂಡೇ ಹೋಗಿ. ದೂರದ ಪಯಣಕ್ಕೆ ಹೊರಡುವ ದೋಣಿಗೆ ಫೋರ್‌ಸ್ಟೇಯ ಹಿಂದೆ ಕಳಚಿ ಹಾಕಬಹುದಾದ ಎರಡನೇ ಸ್ಟೇ, ಅದಕ್ಕೆ ಕೊಕ್ಕೆಯಿಂದ ಸಿಕ್ಕಿಸುವ ಬಿರುಗಾಳಿ ಹಾಯಿ ಇರಲೇಬೇಕು. 35 ನಾಟ್ ಗಾಳಿಯಲ್ಲಿ ದೊಡ್ಡ ಜೆನೋವಾವನ್ನು ಫಾಯಿಲ್ಲಿನಿಂದ ಇಳಿಸಿ ಸಣ್ಣದನ್ನು ಸೀಳಿಗೆ ತೂರಿಸುವ ಕೆಲಸ ಇಬ್ಬರಿಂದ ಆಗದು. ಸೀಳಿನಿಂದ ಹೊರಬಂದ ಹಾಯಿ ಅಂಚಿನ ಹಿಡಿತವೇ ಇಲ್ಲದೆ ಕಡಲಿಗೆ ಬೀಳುತ್ತದೆ.

ಮಳೆಗಾಲಕ್ಕೆ ದೋಣಿ ನಿಲ್ಲಿಸುವಾಗ

ಪಶ್ಚಿಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುತ್ತಿದ ಹಾಯಿಯನ್ನು ಹಾಗೇ ಬಿಟ್ಟುಹೋಗಬೇಡಿ. ಎಷ್ಟೇ ಬಿಗಿದು ಕಟ್ಟಿದರೂ ಬಿರುಗಾಳಿ ಸುರುಳಿಯ ನಡುವೆ ಒಂದು ಮಡಿಕೆಯನ್ನು ಹುಡುಕಿ ಎಳೆಯುತ್ತದೆ, ಒಮ್ಮೆ ಗಾಳಿ ತುಂಬಿದ ಮೇಲೆ ಹಾಯಿ ಚಿಂದಿಯಾಗುವವರೆಗೂ ಮಾಸ್ಟನ್ನು ಅಲುಗಾಡಿಸುತ್ತದೆ. ಮೇ ತಿಂಗಳಲ್ಲೇ ಹಾಯಿ ಇಳಿಸಿ, ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಒಳಗಿಡಿ. ಡ್ರಮ್ಮಿನ ಹಗ್ಗವನ್ನೂ ಬಿಚ್ಚಿಡಿ, ಡ್ರಮ್ಮು ತಿರುಗದಂತೆ ಕಟಕಟೆಗೆ ಬಿಗಿಯಿರಿ. ಸ್ವಿವೆಲ್ಲನ್ನು ಫಾಯಿಲ್ಲಿನ ಬುಡದಲ್ಲೇ ಕಟ್ಟಿಡುವುದು ಕ್ಷೇಮ. ಫಾಯಿಲ್ ಬಡಿಯದಿರಲೆಂದು ಸ್ವಿವೆಲ್ಲನ್ನು ಮೇಲೇರಿಸಲೇಬೇಕಾದರೆ, ಸ್ವಿವೆಲ್ಲಿನ ಕೆಳತುದಿಗೆ ಡೆಕ್ಕಿನವರೆಗೆ ಬರುವ ಹಗ್ಗವೊಂದನ್ನು ಮೊದಲೇ ಕಟ್ಟಿ. ಇಲ್ಲವಾದರೆ ಅಕ್ಟೋಬರಿನಲ್ಲಿ ಸ್ವಿವೆಲ್ ತನ್ನ ತೂಕಕ್ಕೆ ತಾನಾಗಿ ಇಳಿಯುವುದಿಲ್ಲ, ಅದನ್ನು ತರಲು ಯಾರಾದರೂ ಮಾಸ್ಟ್ ಹತ್ತಬೇಕಾಗುತ್ತದೆ.